ಸ್ವೆಟರ್ ತೂಗುಹಾಕಿದ ವಾಕರ್

"ಸ್ವೆಟರಿಗೆ ಎಂಬತ್ತು ಬೊಲಿವಿಯಾನೊ, ಟೋಪಿಗೆ ಇಪ್ಪತ್ತು. ಎರಡೂ ತಗೊಂಡ್ರೆ ಎಪ್ಪತ್ತಕ್ಕೇ ಕೊಡ್ತೀನಿ ಅಕ್ಕಾ!" ಏಳು ವರ್ಷದ ನೆಲಿಡಾ ಮಾತು ಎಳೆಯುತ್ತ ಕೂಗಿದಳು. ಬೊಲಿವಿಯಾದ ಎಲ್ ಆಲ್ಟೊ ಊರಿನ ಸಂತೆಯ ಅಂಗಡಿಯಲ್ಲಿ ಅವಳು ಕಾಲಿಗೆ ಕಂಬಳಿ ಹೊದ್ದು ಸ್ಟೂಲಿನ ಮೇಲೆ ಕೂತಿದ್ದಳು. ಗಿರಾಕಿ ಹೆಂಗಸು ನಕ್ಕು, ಎರಡನ್ನೂ ಕೊಂಡು ಹೋದಳು.

"ಎಪ್ಪತ್ತಾ? ನೂಲಿನ ದುಡ್ಡೂ ಹುಟ್ಟಲ್ಲ ಕಣೇ! ನನ್ನ ದಿವಾಳಿ ಎಬ್ಬಿಸ್ತೀಯಾ?" ಎಂದು ತಾಯಿ ಹಿಲಾರಿಯಾ ಗದರಿದಳು.

"ಬೈಬೇಡ್ವೇ, ನಿನ್ನ ಬಾಯಿಗಿಂತ ಅವಳ ಬಾಯಿಗೇ ಗಿರಾಕಿ ಜಾಸ್ತಿ," ಎಂದು ಪಕ್ಕದ ಆಲೂಗಡ್ಡೆ ಅಂಗಡಿಯ ತೆಯೊಫಿಲಾ ಕಿಚಾಯಿಸಿದಳು.

"ಇನ್ನೆರಡೇ ಸ್ವೆಟರ್ ಇರೋದು ಅಮ್ಮ," ಎಂದಳು ನೆಲಿಡಾ. "ಅವೂ ಹೋಗ್ಬಿಟ್ರೆ ನನ್ನ ವಾಕರ್ ಖಾಲಿ ಆಗುತ್ತೆ. ಆಮೇಲೆ ನಾನು ನಡೀಬಹುದಲ್ವಾ?"

ಹಿಲಾರಿಯಾಳ ಮುಖ ನಾಚಿಕೆಯಿಂದ ಬಿಸಿಯಾಯಿತು. ಹುಟ್ಟುವಾಗಲೇ ಮೆದುಳಿಗೆ ಪೆಟ್ಟಾಗಿ ಕಾಲು ಸೆಟೆದಿದ್ದ ಮಗಳಿಗೆ ಆಸ್ಪತ್ರೆಯವರು ಕೊಟ್ಟ ವಾಕರ್ ಅದು. ಅದನ್ನು ಹಿಡಿದು ಮಗಳು ತೂರಾಡಿದರೆ ಓಣಿಯೆಲ್ಲ ನೋಡುತ್ತದೆಂದು ಅವಳು ಮಗಳನ್ನು ಬೆನ್ನಿಗೇ ಕಟ್ಟಿಕೊಂಡು ಓಡಾಡುತ್ತಿದ್ದಳು. ವಾಕರಿಗೆ ಸ್ವೆಟರ್ ತೂಗುಹಾಕಿ, "ಇವೆಲ್ಲ ಮಾರಿಹೋಗಲಿ, ಆಮೇಲೆ ನಿನಗೆ," ಎಂದಿದ್ದಳು. ಆದರೆ ಈ ಚಳಿಗಾಲವಿಡೀ ಪ್ರತಿ ಬೆಳಿಗ್ಗೆ ಅದರ ಮೇಲೆ ಹೊಸದನ್ನು ತೂಗುಹಾಕುತ್ತಿದ್ದಳು.

ಉಳಿದೆರಡು ಸ್ವೆಟರನ್ನು ಅವಳು ತೆಗೆದು ನೆಲಕ್ಕೆ ಹಾಕಿದಳು. ವಾಕರನ್ನು ಮಗಳ ಮುಂದಿಟ್ಟು ಕಂಬಳಿ ಸರಿಸಿದಳು. ನೆಲಿಡಾ ತೂರಾಡುತ್ತ ತೆಯೊಫಿಲಾಳ ಆಲೂಗಡ್ಡೆ ರಾಶಿಯವರೆಗೂ ನಡೆದಳು. ಹಿಲಾರಿಯಾ ಹೆದರಿದ್ದಂತೆಯೇ ಓಣಿಯವರೆಲ್ಲ ನೋಡಿದರು. ತಲೆ ತಗ್ಗಿಸಿ ನಿಂತವಳು ಅವಳೊಬ್ಬಳೇ. ತನ್ನಿಂದಾಗಿ ಇಡೀ ಒಂದು ಚಳಿಗಾಲದ ನಡಿಗೆ ಮಗಳಿಗೆ ತಪ್ಪಿಹೋಗಿತ್ತು.