ಚಾಕು ಮಸೆಯುವ ಹೊತ್ತು

ಮೇಸ್ತ್ರಿ ಟಿಯರ್ನಿ ಒನುಫ್ರಿಯ ಬೆನ್ನ ಮೇಲೆ ಸೀಮೆಸುಣ್ಣದಿಂದ ಎರಡನೇ ಗೆರೆ ಎಳೆದಾಗ ಊಟದ ಸೀಟಿಗೆ ಇನ್ನೂ ಹತ್ತು ನಿಮಿಷವಿತ್ತು. ಒಬ್ಬನ ಮುಂದೆ ಮೂರು ದನ ಸೇರಿಕೊಂಡರೆ ಒಂದು ಗೆರೆ. ಒಂದೇ ದಿನ ಮೂರು ಗೆರೆಯಾದರೆ ಗೇಟಿನಾಚೆ. ಶಿಕಾಗೊದ ಆ ಮಾಂಸದ ಕಾರ್ಖಾನೆಯ ಗೇಟಿನಾಚೆ ಬೆಳಗಾದರೆ ಇನ್ನೂರು ಜನ ಕೆಲಸಕ್ಕೆ ಕಾದು ನಿಂತಿರುತ್ತಿದ್ದರು. ಐವತ್ತೆಂಟರ ಒನುಫ್ರಿ ಆ ಗುಂಪಿಗೆ ಹೋಗಿ ಸೇರಿದರೆ ಮತ್ತೆ ಒಳಗೆ ಬರುವ ಮಾತಿರಲಿಲ್ಲ.

ಸಾಲಿನಲ್ಲಿ ಒಂಬತ್ತು ಜನ. ಸುಲಿದ ದನ ತಲೆಯ ಮೇಲಿನ ಕಂಬಿಗೆ ತೂಗುಬಿದ್ದು ಬರುತ್ತದೆ. ಒಬ್ಬೊಬ್ಬನದೂ ಒಂದೊಂದೇ ಕೊಯ್ತ, ಆಮೇಲೆ ಮುಂದಿನವನ ಕಡೆಗೊಂದು ತಳ್ಳು. ತಳ್ಳಲು ಯಂತ್ರವಿಲ್ಲ. ಹಾಗಾಗಿ ಇಡೀ ಸಾಲಿನ ವೇಗವೆಂದರೆ ಮೊದಲನೆಯವನ ಕೈಯ ವೇಗ. ಸೋಮವಾರದಿಂದ ಆ ಜಾಗದಲ್ಲಿ ಫ್ಲೋರಿಯನ್ ಇದ್ದ. ಇಪ್ಪತ್ತಾರರ ಹುರುಪು, ಗಂಟೆಗೆ ಮೂರು ಸೆಂಟ್ ಹೆಚ್ಚು ಕೂಲಿ. ಎಂಟನೆಯವನು ಒನುಫ್ರಿ, ಪೋಲೆಂಡಿನಲ್ಲಿ ಫ್ಲೋರಿಯನ್‌ನದೇ ಊರಿನವನು. ಕೊನೆಯವನು ಬಾಲಿಸ್, ಲಿಥುವೇನಿಯಾದ ಆಜಾನುಬಾಹು. ಇವರ ಭಾಷೆ ಅವನಿಗೆ ಬಾರದು, ಅವನ ಭಾಷೆ ಇವರಿಗೆ ಬಾರದು.

ಊಟದ ಹೊತ್ತಿಗೆ ಫ್ಲೋರಿಯನ್ ಮೆಟ್ಟಿಲ ಮೇಲೆ ಒನುಫ್ರಿಯ ಪಕ್ಕ ಬಂದು ಕೂತ. ಮುದುಕ ಬ್ರೆಡ್ಡನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದಿದ್ದ. ಮಾಂಸ ಕೆಡದಂತೆ ಥಂಡಿಯಾಗಿಟ್ಟ ಆ ಕೊಯ್ಯುವ ಕೋಣೆಯಲ್ಲಿ ಏಳು ವರ್ಷ ಕಳೆದ ಬೆರಳುಗಳು ಈಗ ಪೂರ್ತಿ ಮಡಚುತ್ತಿರಲಿಲ್ಲ.

"ಏನಪ್ಪಾ ಮುಂದಾಳು, ಕೈಗೆ ರೆಕ್ಕೆ ಬಂದಿದ್ಯಾ?" ಎಂದ ಒನುಫ್ರಿ.

"ನಾನೇನ್ ಮಾಡ್ಲಿ ಮಾವ? ಟಿಯರ್ನಿ ಗಡಿಯಾರ ಹಿಡ್ಕೊಂಡು ಪಕ್ಕದಲ್ಲೇ ನಿಂತಿರ್ತಾನೆ. ನಿಧಾನ ಮಾಡಿದ್ರೆ ನನ್ನ ಜಾಗ ಹೋಗತ್ತೆ."

"ನಾನೆಲ್ಲಿ ನಿಧಾನ ಮಾಡು ಅಂದೆ? ಒಂದು ಈರುಳ್ಳಿ ಕೊಡು." ಅಗಿಯುತ್ತ ಮುದುಕ ಕೇಳಿದ, "ಚಾಕು ಚೂಪಾಗಿದ್ಯಾ?"

"ಕೂದಲು ಸೀಳತ್ತೆ."

"ನನ್ನ ಕುಡುಗೋಲೂ ಹಾಗೇ ಇತ್ತು," ಎಂದ ಒನುಫ್ರಿ. ಎದ್ದು, ಮಡಿಲಿನ ಪುಡಿಯನ್ನು ಗುಬ್ಬಿಗಳಿಗೆ ಕೊಡವಿ ಒಳಗೆ ಹೋದ.

ಫ್ಲೋರಿಯನ್ ಕೂತೇ ಇದ್ದ. ಊರಿನಲ್ಲಿ ಹುಲ್ಲು ಕೊಯ್ಯಲು ಅವನು ಮೊದಲ ಸಲ ಇಳಿದದ್ದು ಹದಿನಾರನೇ ವಯಸ್ಸಿಗೆ. ಉದ್ದ ಹಿಡಿಯ ಕುಡುಗೋಲು ಬೀಸುವವರ ಸಾಲಿಗೆ ಆಗ ಒನುಫ್ರಿಯೇ ಮುಂದಾಳು. ಸೊಂಟಕ್ಕೆ ನೀರು ತುಂಬಿದ ಹಸುವಿನ ಕೊಂಬು, ಅದರಲ್ಲಿ ಮಸೆಗಲ್ಲು. ಫ್ಲೋರಿಯನ್ ಸಾಲಿನ ಬಾಲ. ಉಸಿರು ಕಟ್ಟಿ ಇನ್ನೇನು ಹಿಂದೆ ಬಿದ್ದೆ ಅನ್ನುವಾಗಲೆಲ್ಲ ಮುಂದೆ ಒನುಫ್ರಿ ನಿಂತು ಕುಡುಗೋಲು ಮಸೆಯುತ್ತಿದ್ದ. ಅವನು ನಿಂತರೆ ಎಲ್ಲರೂ ನಿಂತು ಮಸೆಯಬೇಕು, ಅದು ರೂಢಿ. ಅಷ್ಟರಲ್ಲಿ ಹುಡುಗ ಬಂದು ಸೇರಿಕೊಳ್ಳುತ್ತಿದ್ದ. "ನಿನ್ನ ಕುಡುಗೋಲಿನ ಕಬ್ಬಿಣವೇ ಸರಿಯಿಲ್ಲ ಮಾವ, ಮಾತೆತ್ತಿದರೆ ಮೊಂಡಾಗತ್ತೆ," ಎಂದು ಅವನು ಎಲ್ಲರೆದುರು ನಕ್ಕಿದ್ದ. ಹತ್ತು ವರ್ಷ ಹಾಗೆಯೇ ನಂಬಿಕೊಂಡೂ ಇದ್ದ.

ಮಧ್ಯಾಹ್ನ ಕೆಲಸ ಶುರುವಾದಾಗ ಫ್ಲೋರಿಯನ್ ಲೆಕ್ಕ ಹಾಕಿದ. ಒನುಫ್ರಿ ಒಂದು ದನಕ್ಕೆ ಹಿಂದೆ ಬೀಳುವುದು ನಾಲ್ಕೇ ಸೆಕೆಂಡು, ಆರಕ್ಕೆ ಇಪ್ಪತ್ತನಾಲ್ಕು. ಆರನೇ ದನವನ್ನು ತಳ್ಳಿದವನೇ ಫ್ಲೋರಿಯನ್ ಸೊಂಟದ ಉಕ್ಕಿನ ಕೋಲು ಎಳೆದು ಚಾಕು ಮಸೆಯತೊಡಗಿದ. ಆ ಕಡೆ ಹನ್ನೆರಡು, ಈ ಕಡೆ ಹನ್ನೆರಡು. ಬರುವ ದನವಿಲ್ಲದೆ ಎರಡನೆಯವನೂ ಮಸೆದ, ಮೂರನೆಯವನೂ ಮಸೆದ. ಒನುಫ್ರಿ ಮಾತ್ರ ತಲೆ ಎತ್ತದೆ ಕೊಯ್ಯುತ್ತಿದ್ದ. ಮತ್ತೆ ಆರು ದನ, ಮತ್ತೆ ಮಸೆತ. ಮುದುಕನ ಮುಂದೆ ಒಂದಕ್ಕಿಂತ ಹೆಚ್ಚು ದನ ನಿಲ್ಲಲಿಲ್ಲ.

ಐದನೇ ಮಸೆತಕ್ಕೆ ಟಿಯರ್ನಿ ಹತ್ತಿರ ಬಂದ.

"ಏನೋ ಇದು, ಹಜಾಮರ ಅಂಗಡೀನಾ?"

"ಚಾಕು ಮೊಂಡಾಗಿದೆ ಬಾಸ್."

"ಕೊಡಿಲ್ಲಿ." ಟಿಯರ್ನಿ ಸೀಮೆಸುಣ್ಣವನ್ನು ಕಿವಿಗೆ ಸಿಕ್ಕಿಸಿ ಅಲಗಿನ ಮೇಲೆ ಹೆಬ್ಬೆರಳು ಎಳೆದ. ಒಂದು ಕ್ಷಣ ಏನೂ ಕಾಣಲಿಲ್ಲ. ಆಮೇಲೆ ತೆಳ್ಳಗೆ ಒಂದು ಕೆಂಪು ಗೆರೆ ಮೂಡಿ, ದಪ್ಪಗಾಗಿ, ಮಣಿಕಟ್ಟಿನವರೆಗೆ ಇಳಿಯಿತು.

"ಇದು ಮೊಂಡಾ?"

"ನಮ್ಮೂರಲ್ಲಿ ಇದನ್ನ ಮೊಂಡು ಅಂತೀವಿ ಬಾಸ್."

ಸಾಲಿನಲ್ಲಿ ಯಾರೂ ನಗಲಿಲ್ಲ. ಟಿಯರ್ನಿ ಹೆಬ್ಬೆರಳಿಗೆ ಕರವಸ್ತ್ರ ಸುತ್ತಿಕೊಂಡು ಸಾಲಿನ ಆ ತುದಿಯವರೆಗೆ ನೋಡಿದ. "ನೀನು ಕೊನೆಗೆ ಹೋಗು. ಏಯ್ ಗೂಳಿ, ನೀನು ಬಾ ಮುಂದಕ್ಕೆ," ಎಂದು ಬಾಲಿಸ್‌ನನ್ನು ಬೆರಳು ಮಡಚಿ ಕರೆದ.

ಫ್ಲೋರಿಯನ್ ಒಂಬತ್ತನೇ ಜಾಗದಲ್ಲಿ ನಿಂತ. "ಇಲ್ಲಿ ಥಂಡಿ ಸ್ವಲ್ಪ ಜಾಸ್ತಿ," ಎಂದ ಒನುಫ್ರಿ, ತಿರುಗದೆ. ಅವನ ಬೆನ್ನ ಮೇಲಿನ ಎರಡು ಬಿಳಿ ಗೆರೆಗಳು ಈಗ ಫ್ಲೋರಿಯನ್‌ನ ಕಣ್ಣೆದುರಿಗೇ ಇದ್ದವು.

ಬಾಲಿಸ್‌ನ ಕೈ ಫ್ಲೋರಿಯನ್‌ನದಕ್ಕಿಂತಲೂ ಚುರುಕು. ಒಂದು ದನ ಬಂತು, ಎರಡು ಬಂತು. ನಾಲ್ಕನೆಯದು ಬರುವಾಗ ಒನುಫ್ರಿಯ ಉಸಿರು ಕೇಳಿಸತೊಡಗಿತು. ಐದನೆಯದಕ್ಕೆ ಅವನ ಚಾಕು ಎಲುಬಿಗೆ ತಾಗಿ ಜಾರಿತು. ಫ್ಲೋರಿಯನ್ ಕಂಬಿಯನ್ನೇ ನೋಡುತ್ತಿದ್ದ. ಆರನೆಯದು ಬಂದು ನಿಂತಿತು.

ಏಳನೆಯದು ಬರಲಿಲ್ಲ. ಸಾಲಿನ ತಲೆಯಲ್ಲಿ ಉಕ್ಕಿಗೆ ಉಕ್ಕು ತಾಗುವ ಸದ್ದು ನಿಧಾನವಾಗಿ ಏಳುತ್ತಿತ್ತು. ಬಾಲಿಸ್ ಮಸೆದ ಚಾಕುವನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ, ಸಮಾಧಾನವಾಗದವನಂತೆ ತಲೆಯಾಡಿಸಿದ, ಹಿಡಿಯನ್ನು ಮುಂದೆ ಮಾಡಿ ಟಿಯರ್ನಿಯತ್ತ ಚಾಚಿದ.

ಟಿಯರ್ನಿ ಈ ಸಲ ಕೈ ನೀಡಲಿಲ್ಲ.