ಕಾರ್ವರ್ ಗ್ರೋವ್‌ಗೆ ಒಂದು ಪ್ರತಿ

"ಹತ್ತು ಗಂಟೆಯೊಳಗೆ ಹೇಳಿ, ಲಾರೆನ್ಸ್. ಹೂಂ ಅಂತಲೋ, ಊಹೂಂ ಅಂತಲೋ." ಸುಧೀರ್ ಫೋನನ್ನು ಮೇಜಿನ ಮೇಲಿಟ್ಟ. "ಸಿತ್ರಾದ ಪ್ರೆಸ್ಸಿನವರು ಆ ಕೆಲಸಕ್ಕೆ ಇನ್ನು ಕಾಯುವುದಿಲ್ಲ. ನಿಮ್ಮ ವೀಸಾ ಇರುವುದು ಇಪ್ಪತ್ತೇ ದಿನ. ಆಮೇಲೆ ಗಂಟುಮೂಟೆ ಕಟ್ಟುವುದೇ."

ಲಾರೆನ್ಸ್ ಗಡಿಯಾರ ನೋಡಿದ. ಒಂಬತ್ತೂ ಐವತ್ತು. ಬುಧವಾರ. ಹತ್ತರ ಸುಮಾರಿಗೆ ಎಡ್ನಾಳ ಪತ್ರ ಬರುವ ದಿನ.

ಹನ್ನೊಂದು ವರ್ಷದಿಂದ ಲಾರೆನ್ಸ್ ಕೊಲ್ಲಿ ದೇಶದ ಮನಾಮ ನಗರದ ಈ ಮಹಡಿ ಕೋಣೆಯಲ್ಲಿ ಕೂತು, ತಾನು ಕಣ್ಣಲ್ಲೂ ಕಾಣದ ಒಂದು ಊರಿನ ವಾರಪತ್ರಿಕೆ ತರುತ್ತಿದ್ದ. ಊರು ಅಮೆರಿಕದ ಅಯೋವಾದ ಕಾರ್ವರ್ ಗ್ರೋವ್. ನಮ್ಮಲ್ಲಿ ತಾಲೂಕು ಕೇಂದ್ರವಿದ್ದ ಹಾಗೆ ಅದು ಅಲ್ಲಿನ ಕೌಂಟಿಯ ಕೇಂದ್ರ. ನಡುವೆ ಕೋರ್ಟು, ಸುತ್ತ ನಾಲ್ಕು ಬೀದಿ, ಆಚೆ ಬರೀ ಜೋಳದ ಹೊಲ. ಪತ್ರಿಕೆಯ ಮಾಲೀಕರು ಅಲ್ಲಿನವರನ್ನೆಲ್ಲ ಮನೆಗೆ ಕಳಿಸಿ, ಕೆಲಸವನ್ನು ಅಗ್ಗದಲ್ಲಿ ಸುಧೀರನ ಆಫೀಸಿಗೆ ಒಪ್ಪಿಸಿದ್ದರು. ಕೋರ್ಟಿನ ಗಡಿಯಾರ ನಾಲ್ಕೂ ಹತ್ತಕ್ಕೆ ನಿಂತಿರುವುದು ಲಾರೆನ್ಸನಿಗೆ ಗೊತ್ತು. ಯಾರ ಟ್ರ್ಯಾಕ್ಟರಿಗೆ ಬೆಂಕಿ ಬಿತ್ತು, ಯಾರ ಮಗಳು ಮದುವೆ ಮುರಿದುಕೊಂಡು ಬಂದಳು, ಎಲ್ಲ ಗೊತ್ತು. ತಾನಿರುವ ಮಾಹೂಝ್ ಬಡಾವಣೆಯಲ್ಲಿ ಎದುರು ಫ್ಲ್ಯಾಟಿನವರ ಹೆಸರು ಮಾತ್ರ ಗೊತ್ತಿಲ್ಲ!

ಆ ಊರೂ ಸವೆಯುತ್ತಾ ಬಂತು. ಶಾಲೆ ಮುಚ್ಚಿತು, ಆಸ್ಪತ್ರೆ ಮುಚ್ಚಿತು. ಎರಡು ವರ್ಷದ ಹಿಂದೆ ಸುಧೀರ್ ಎಚ್ಚರಿಸಿದ್ದ: "ಓದುಗರ ಪತ್ರ ಬರುವ ತನಕ ಮಾಲೀಕರು ನಡೆಸುತ್ತಾರಂತೆ. ಅದೂ ನಿಂತರೆ ಬಾಗಿಲು ಹಾಕುವುದು." ಆ ದಿನ ಮನೆಗೆ ಹೋದ ಲಾರೆನ್ಸ್ ಹೆಂಡತಿ ರೆಜಿನಾಳ ಮುಂದೆ ಎಲ್ಲ ಹೇಳಿ ಕಣ್ಣೀರು ಹಾಕಿದ್ದ. ಮಂಡಿ ನೋವಿನಿಂದ ಶಾಲೆಯ ಇಂಗ್ಲಿಷ್ ಟೀಚರ್ ಕೆಲಸ ಬಿಟ್ಟು ಅವಳು ಮನೆಯಲ್ಲಿ ಕೂತಿದ್ದ ಕಾಲ ಅದು. "ದೇವರಿದ್ದಾನೆ, ಸುಮ್ಮನಿರಿ" ಎಂದಿದ್ದಳು.

ದೇವರಿದ್ದ. ಎರಡು ವಾರದಲ್ಲಿ ಎಡ್ನಾಳ ಮೊದಲ ಮೇಲ್ ಬಂತು.

ಎಂಬತ್ತೊಂದು ವರ್ಷದ ಒಂಟಿ ಮುದುಕಿ. ಅಂದಿನಿಂದ ಒಂದು ಬುಧವಾರವೂ ತಪ್ಪಿಸಿಲ್ಲ. ಇಲ್ಲಿ ಬೆಳಿಗ್ಗೆ ಹತ್ತು ಎಂದರೆ ಅಲ್ಲಿ ನಡುರಾತ್ರಿ ಎರಡು. ಪಾಪ, ಮುದುಕಿಗೆ ನಿದ್ದೆಯೇ ಇಲ್ಲ ಎಂದುಕೊಳ್ಳುತ್ತಿದ್ದ. ಪತ್ರಿಕೆಯನ್ನು ಎಷ್ಟು ಶ್ರದ್ಧೆಯಿಂದ ಓದುತ್ತಿದ್ದಳೆಂದರೆ, ಅದರಲ್ಲಿ ಅಚ್ಚಾಗದ ಊರ ಸಂಗತಿ ಒಂದೂ ಅವಳ ಪತ್ರದಲ್ಲಿರುತ್ತಿರಲಿಲ್ಲ. ಹನ್ನೊಂದು ವರ್ಷದಲ್ಲಿ "ನಿಮ್ಮ ಪುಟ ಚೆನ್ನಾಗಿದೆ" ಎಂದು ಬರೆದವಳು ಅವಳೊಬ್ಬಳೇ.

ಆದರೂ ಮಾಲೀಕರು ಜೂನಿನಲ್ಲಿ ಪತ್ರಿಕೆ ಮುಚ್ಚಿಯೇಬಿಟ್ಟರು. ವೀಸಾ ಮುಗಿಯುವವರೆಗೆ ಆಫೀಸಿನ ಮೂಲೆಯಲ್ಲಿ ಕೂರಲು ಸುಧೀರ್ ಬಿಟ್ಟಿದ್ದ. ಲಾರೆನ್ಸ್ ಮಾಡಿದ್ದೇನು ಗೊತ್ತೇ? ಕೋರ್ಟಿನ ನೋಟಿಸು, ಚರ್ಚಿನ ಪ್ರಕಟಣೆ, ಜೋಳದ ದರ ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಹೆಕ್ಕಿ, ವಾರವಾರ ನಾಲ್ಕು ಪುಟ ಕಟ್ಟಿ ಎಡ್ನಾಳೊಬ್ಬಳಿಗೇ ಕಳಿಸುತ್ತಿದ್ದ! ಹುಚ್ಚಲ್ಲದೆ ಇನ್ನೇನು. ರೆಜಿನಾಳಿಗೆ ಸುಳಿವು ಕೊಟ್ಟಿರಲಿಲ್ಲ. ಅವಳು ಬುಧವಾರ ಸಂಜೆ "ಎಡ್ನಾ ಬರೆದಳಾ?" ಎಂದು ಕೇಳುವಳು. "ಬರೆದಳು" ಎಂದರೆ ಅವಳ ಮುಖ ಅರಳುವುದು. ಆ ಮುಖ ನೋಡಿ ನಿಜ ಹೇಳುವುದು ಹೇಗೆ?

ನಿನ್ನೆ ಮೊಂತಿ ಹಬ್ಬ, ಕ್ರೈಸ್ತರ ಸುಗ್ಗಿ; ಊಟಕ್ಕೆ ಬೆಸ ಸಂಖ್ಯೆಯ ಬಗೆಗಳೇ ಆಗಬೇಕು. ಚರ್ಚಿನ ಪೂಜೆಯಿಂದ ತಂದ ಹೊಸ ತೆನೆಯ ಭತ್ತ ಸುಲಿದು ಪಾಯಸಕ್ಕೆ ಹಾಕಿ, ರೆಜಿನಾ ಊಟಕ್ಕೆ ಬಡಿಸಿದ್ದಳು. ಬಗೆ ಎಣಿಸಿ ಹಣೆ ಚಚ್ಚಿಕೊಂಡಳು. "ಆರೇ ಆಯ್ತಲ್ಲ ಮಾರಾಯ್ರೆ! ಹಾಗಲಕಾಯಿ ಸಿಗಲೇ ಇಲ್ಲ. ಇವತ್ತು ಬೆಸ ಆಗದಿದ್ದರೆ ಹೇಗೆ?" ಓಡಿ ಸೌತೆಕಾಯಿ ಹೆಚ್ಚಿ ತಂದು ಏಳು ಮಾಡಿದಳು. ನಿನ್ನೆಯೇ ಎಲ್ಲ ಹೇಳಿಬಿಡಬೇಕೆಂದಿದ್ದ ಲಾರೆನ್ಸ್, ಪಾಯಸ ಉಂಡು ಬಾಯಿ ಮುಚ್ಚಿಕೊಂಡ.

"ಏನಂತೀರಿ?" ಸುಧೀರ್ ಕೇಳಿದ. "ಒಳ್ಳೆ ಕೆಲಸ. ಏಳರಿಂದ ಏಳು, ವಾರಕ್ಕೆ ಆರು ದಿನ. ಎರಡು ವರ್ಷದ ವೀಸಾ."

"ಹಾಗಾದರೆ ಪತ್ರಿಕೆಗೆ ಪುರುಸೊತ್ತಾಗುವುದಿಲ್ಲ."

"ಯಾವ ಪತ್ರಿಕೆ? ಸತ್ತು ಮೂರು ತಿಂಗಳಾಯ್ತು!"

ಕಳೆದ ವಾರ ಎಡ್ನಾ ಬರೆದಿದ್ದಳು: ಗುರುವಾರ ನಿಮ್ಮ ಪತ್ರಿಕೆ ಬಾರದಿದ್ದರೆ ನಾನು ಹಾಸಿಗೆಯಿಂದ ಏಳುವುದಾದರೂ ಯಾಕೆ? ಆ ಸಾಲು ಲಾರೆನ್ಸನ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

"ಊರಿಗೆ ಹೋಗಿ ತಮ್ಮನ ಮನೆಯ ಜಗಲಿಯಲ್ಲಿ ಕೂತಾದರೂ ಮಾಡುತ್ತೇನೆ. ಅವಳಿರುವ ತನಕ."

"ಗುರುತು ಪರಿಚಯವಿಲ್ಲದ ಮುದುಕಿಗೋಸ್ಕರವಾ? ರೆಜಿನಾಬಾಯಿಯ ಗತಿ ಎಂತ? ಅವರ ಔಷಧಿ, ಮಂಡಿ ಆಪರೇಷನ್?"

"ರೆಜಿನಾಳಿಗೆ ನಾನಿದ್ದೇನೆ. ಎಡ್ನಾಳಿಗೆ ಯಾರಿದ್ದಾರೆ?"

ಸುಧೀರ್ ಫೋನ್ ಎತ್ತಿಕೊಂಡ. "ಹಲೋ, ಇವರು ಬರುವುದಿಲ್ಲ. ನಮ್ಮ ಆಫೀಸಿನ ಜೆರಿಯನ್ನು ಕಳಿಸುತ್ತೇನೆ. ಹೌದು, ಇವತ್ತೇ ಸಹಿ ಹಾಕಿಸಿ. ಖಲಾಸ್."

ತಪ್ಪು ಮಾಡಿದೆನೇ ಎಂದು ಲಾರೆನ್ಸ್ ಒಂದು ಗಳಿಗೆ ಫೋನಿನ ಕಡೆ ಕೈ ಚಾಚಿದ. ಅಷ್ಟರಲ್ಲಿ ಕಂಪ್ಯೂಟರ್ ಟಿಣ್ ಎಂದಿತು. ಹತ್ತೂ ನಾಲ್ಕು. ಕೊನೆಗೂ ಬರೆದಳಲ್ಲ ಎಂದು ಜೀವ ಹಗುರಾಗಿ, ಕನ್ನಡಕ ಏರಿಸಿಕೊಂಡು ಓದತೊಡಗಿದ.

"ಸಂಪಾದಕರೇ, ಈ ವಾರ ನಿಮ್ಮ ಪತ್ರಿಕೆಯಲ್ಲಿ ಸುದ್ದಿ ಕಡಿಮೆ, ಹಾಗಾಗಿ ನಮ್ಮ ಮನೆಯದನ್ನೇ ಬರೆಯುತ್ತೇನೆ: ನಿನ್ನೆ ಸುಗ್ಗಿಯೂಟಕ್ಕೆ ಆರೇ ಬಗೆಯಾಗಿತ್ತು, ಬೆಸ ಆಗದಿದ್ದರೆ ಹೇಗೆ, ಓಡಿ ಒಂದು ಸೌತೆಕಾಯಿ ಹೆಚ್ಚಿ ತಂದು ಏಳು ಮಾಡಿದೆ."