ಕರ್ನೆಲ್‌ಗೆ ಇಬ್ಬರು ಯಜಮಾನಿಯರು

ಆಸ್ಪತ್ರೆಯ ಚೀಟಿ ಕೌಂಟರುಗಳ ಪರದೆಗಳು ಆ ಬೆಳಿಗ್ಗೆಯೂ ಕಲ್ಲಾಗಿ ಕೂತವು. ಹೆಸರು ಟೈಪು ಮಾಡಿದರೆ ಮೊದಲ ಅಕ್ಷರ ಮೂಡುವಷ್ಟರಲ್ಲಿ ರೋಗಿಗೆ ಇನ್ನೊಂದು ಕಾಯಿಲೆ ಅಂಟಿಕೊಳ್ಳಬೇಕು, ಹಾಗಿತ್ತು. ಸಾಲು ಬಾಗಿಲು ದಾಟಿ ಮೆಟ್ಟಿಲಿಳಿದಿತ್ತು. ಮ್ಯಾನೇಜರ್ ಸರ್ವರ್ ಕೋಣೆಗೆ ನುಗ್ಗಿ, ಅಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದ ಅತ್ತಿಗೆ ನಾದಿನಿಯರ ಮುಂದೆ ನಿಂತರು.

“ಇವತ್ತು ಸರಿಹೋಗ್ಲಿಲ್ಲ ಅಂದ್ರೆ ನಾಳೆಯಿಂದ ಈ ಕೆಲಸ ಹೊರಗಿನ ಕಂಪನಿಯವರಿಗೆ. ನೀವಿಬ್ರೂ ಮನೇಲಿ ಕೂತು ಆರಾಮಾಗಿ ಮಾತಾಡ್ಕೊಳ್ಳಿ.”

ಮಾತೇ ನಿಂತುಹೋಗಿದೆ ಎಂದು ಅವರಿಗೆ ಹೇಳುವವರು ಯಾರು? ಜಗಳ ಹುಟ್ಟಿದ್ದು ಕರ್ನೆಲ್‌ನ ಒಂದು ಅಂಕಿಯಿಂದ. ಸರ್ವರಿನ ಒಳಮನೆಯ ಕಾರುಬಾರೆಲ್ಲ ಕರ್ನೆಲ್‌ನದು. ಮೆಮೊರಿ ತುಂಬಿಬಂದಾಗ ಸದ್ಯಕ್ಕೆ ಬೇಡದ್ದನ್ನು ಎಷ್ಟು ಸಲೀಸಾಗಿ ಡಿಸ್ಕಿಗೆ ಸಾಗಹಾಕಬೇಕು ಎಂಬುದನ್ನು ಆ ಅಂಕಿ ಹೇಳುತ್ತದೆ. ಅತ್ತಿಗೆ ಎಂಬತ್ತು ಇರಲಿ ಎಂದಳು. ಮನೆಯಲ್ಲೂ ನಿನ್ನೆ ಮುಟ್ಟದ ಪಾತ್ರೆಯನ್ನು ಇವತ್ತು ಅಟ್ಟಕ್ಕೇರಿಸುವವಳು ಅವಳು. ನಾದಿನಿ ಹತ್ತು ಸಾಕು ಎಂದಳು. ಅವಳಿಗೆ ಎಲ್ಲವೂ ಕೈಗೆ ಸಿಗುವಂತಿರಬೇಕು, ಅವಳ ಮಂಚದ ಮೇಲೆ ಅವಳಿಗೇ ಜಾಗವಿಲ್ಲ. ಊಟಕ್ಕೆ ಕೂತಾಗ ಮಾತು ಅಂಕಿಯಿಂದ ಅಟ್ಟಕ್ಕೆ ಹತ್ತಿತು, ಅಟ್ಟದಿಂದ ಮಂಚಕ್ಕೆ ಇಳಿಯಿತು. ಅಂದಿನಿಂದ ಮನೆಯಲ್ಲಿ ಮಾತಾಡುತ್ತಿದ್ದವನು ನಾದಿನಿಯ ಅಣ್ಣ ಒಬ್ಬನೇ, ಅದೂ ಫೋನಿನಲ್ಲಿ.

ಸರ್ವರ್ ಕೋಣೆಗೆ ಅತ್ತಿಗೆಯೇ ಮಾಡಿದ್ದ ಒಂದು ಕಟ್ಟಳೆ ಇತ್ತು: ಕರ್ನೆಲ್‌ನ ಯಾವ ಅಂಕಿ ಬದಲಿಸುವುದಿದ್ದರೂ ಒಬ್ಬರು ಗಟ್ಟಿಯಾಗಿ ಹೇಳಬೇಕು, ಇನ್ನೊಬ್ಬರು ಗಟ್ಟಿಯಾಗಿ ‘ಹೂಂ’ ಅನ್ನಬೇಕು. ಮಾತು ಬಿಟ್ಟವರು ಹೂಂಗುಟ್ಟುವುದು ಹೇಗೆ? ಹೀಗಾಗಿ ನಾದಿನಿ ಸದ್ದಿಲ್ಲದ ದಾರಿ ಹುಡುಕಿದಳು. ಯಂತ್ರ ಏಳುವಾಗ ಸೆಟ್ಟಿಂಗಿನ ಫೈಲುಗಳನ್ನು ಹೆಸರಿನ ಅಕ್ಷರಕ್ರಮದಲ್ಲಿ ಓದುತ್ತದೆ. ಒಂದೇ ಅಂಕಿಯನ್ನು ಹತ್ತು ಫೈಲು ಹೇಳಿದರೂ ಕೊನೆಗೆ ಓದಿದ್ದೇ ಖಾಯಂ. ಅವಳು ಹತ್ತು ಎಂದು ಬರೆದು ಫೈಲಿಗೆ ಝಡ್ ಎಂದು ಹೆಸರಿಟ್ಟಳು. ಮರುದಿನ ನೋಡಿದರೆ ಅದರ ಕೆಳಗೆ ಝಡ್‌ಝಡ್, ಒಳಗೆ ಎಂಬತ್ತು. ಅಲ್ಲಿಂದ ಯುದ್ಧ.

“ಫೈಲ್ ತೆಗೀರಿ, ನೋಡೋಣ,” ಎಂದು ಮ್ಯಾನೇಜರ್ ಬಗ್ಗಿದರು. ನಾದಿನಿ ತೆರೆಯಲೇಬೇಕಾಯಿತು. ಝಡ್ಡುಗಳ ಮೆರವಣಿಗೆ ಪರದೆಯ ತುದಿ ಮುಟ್ಟಿತ್ತು.

“ಏನಮ್ಮಾ ಇದು? ಸರ್ವರ್ ಗೊರಕೆ ಹೊಡೀತಿದೆಯಾ?”

“ಕೆಲವರಿಗೆ ತಮ್ಮದೇ ಕೊನೇ ಮಾತಾಗ್ಬೇಕು ಸರ್,” ಅತ್ತಿಗೆ ಗೋಡೆಗೆ ಹೇಳಿದಳು.

“ಕೆಲವರು ಅದನ್ನ ಓದಿ ಇನ್ನೊಂದು ಝಡ್ ಅಂಟಿಸ್ತಾರೆ ಸರ್,” ನಾದಿನಿ ಕೀಬೋರ್ಡಿಗೆ ಹೇಳಿದಳು.

ಹೊರಗೆ ಯಾರೋ ಕೌಂಟರಿನ ಗಾಜು ಬಡಿದರು. ಮ್ಯಾನೇಜರ್ ಓಡಿದರು. ನಾದಿನಿ ಏನೂ ತೋಚದೆ, ಎದ್ದು ಎಷ್ಟು ಹೊತ್ತಾಯಿತು ಎಂದು ಯಂತ್ರವನ್ನೇ ಕೇಳಿದಳು. ಕೊನೆಯ ಝಡ್ಡು ಗೆಲ್ಲುತ್ತದೋ ಇಲ್ಲವೋ ಕಣ್ಣಾರೆ ನೋಡುವ ಆಸೆಗೆ ಅವಳು ಸರ್ವರನ್ನು ರೀಸ್ಟಾರ್ಟ್ ಮಾಡಿದ್ದು ಬೆಳಕು ಹರಿಯುವ ಮುನ್ನ. ಆದರೆ ಯಂತ್ರ ಹೇಳಿದ್ದು ಬೇರೆ: ಈಗ ತಾನೇ ಎದ್ದೆ.

“ಅತ್ತಿಗೆ,” ಎಂದಳು, ಮುನಿಸು ಮರೆತು. “ಕೌಂಟರ್ ತೆಗೆಯೋ ಹೊತ್ತಿಗೆ ರೀಸ್ಟಾರ್ಟ್ ಮಾಡಿದ್ರಾ?”

“ನೀನು ಮಾಡಿದ್ದಕ್ಕೇ ಮಾಡ್ದೆ.”

“ದಿನಾನೂ?”

“ನೀನು ದಿನಾ ಮಾಡ್ತಿದ್ಯಲ್ಲ!”

ಇಬ್ಬರಿಗೂ ಒಟ್ಟಿಗೆ ಹೊಳೆಯಿತು. ಆಗಷ್ಟೇ ಎದ್ದ ಯಂತ್ರದ ತಲೆ ಖಾಲಿ. ಒಂದೊಂದು ರೋಗಿಯ ಹೆಸರನ್ನೂ ಡಿಸ್ಕಿನ ತಳದಿಂದ ಹೊತ್ತು ತರಬೇಕು. ಅದೂ ಸರಿಯಾಗಿ ಜನ ಮುಗಿಬೀಳುವ ಹೊತ್ತಿಗೆ. ತಪ್ಪು ಹತ್ತರದೂ ಅಲ್ಲ, ಎಂಬತ್ತರದೂ ಅಲ್ಲ. ಪಾಪ, ಆ ಯಂತ್ರವನ್ನು ನಿದ್ದೆಗಣ್ಣಲ್ಲೇ ಎಬ್ಬಿಸಿ ಎಬ್ಬಿಸಿ ಪಂಚಾಯ್ತಿಗೆ ಕೂರಿಸಿದವರದು.

“ಇದನ್ನ ಮ್ಯಾನೇಜರಿಗೆ ಹೇಳ್ಬೇಕಾ?” ನಾದಿನಿ ಕೇಳಿದಳು.

“ಹೇಳು, ನಾಳೆಯಿಂದ ಇಬ್ರೂ ಅಟ್ಟ ಗುಡಿಸೋಣ.”

ನಾದಿನಿಗೆ ನಗು ಬಂತು, ಕೆನ್ನೆಯೊಳಗೇ ಇಟ್ಟುಕೊಂಡಳು. “ಝಡ್ಡುಗಳನ್ನೆಲ್ಲಾ ಅಳಿಸ್ತೀನಿ.”

“ಹೂಂ.”

“ನಿಮ್ಮದೂ.”

ಅತ್ತಿಗೆ ಪರದೆಯ ಮೇಲಿನ ತನ್ನ ಝಡ್ಡುಗಳನ್ನು ಒಮ್ಮೆ ಕಣ್ತುಂಬ ನೋಡಿಕೊಂಡಳು. “…ಹೂಂ.”

“ಅಂಕಿ, ಕರ್ನೆಲ್ ಬಂದಾಗ ಇದ್ದಿದ್ದೇ ಇರ್ಲಿ. ಅರವತ್ತು.”

“ಅದಕ್ಕೂ ಹೂಂ! ರೀಸ್ಟಾರ್ಟ್ ಮಾತ್ರ ಮುಟ್ಟೀಯ, ಜೋಕೆ.”

ಈಗ ಉಳಿದಿದ್ದು ಒಂದೇ ಕೆಲಸ, ಏನೂ ಮಾಡದೆ ಕೂರುವುದು. ಯಂತ್ರ ತನ್ನ ಪಾಡಿಗೆ ಒಂದೊಂದೇ ಹೆಸರು ನೆನಪಿಗೆ ತಂದುಕೊಳ್ಳುವ ತನಕ ಅದರ ತಂಟೆಗೆ ಹೋಗದಿರುವುದು. ಇಬ್ಬರೂ ಕುರ್ಚಿ ಜೋಡಿಸಿಕೊಂಡು ಪರದೆ ನೋಡುತ್ತ ಕೂತರು. ಅರವತ್ತು ಸ್ವಲ್ಪ ಜಾಸ್ತಿಯಾಯಿತಲ್ಲವೇ ಎಂದು ನಾದಿನಿಗೆ ಅನ್ನಿಸಿತು. ಒಂದು ನಲವತ್ತು ಮಾಡಿದರೆ? ಅವಳ ಕೈ ಕೀಬೋರ್ಡಿನತ್ತ ತೆವಳಿತು. ಅತ್ತಿಗೆ ತಿರುಗಿಯೂ ನೋಡದೆ ಮಣಿಕಟ್ಟು ಹಿಡಿದಳು. ತುಸು ಹೊತ್ತಿಗೆ ಅತ್ತಿಗೆಯ ಇನ್ನೊಂದು ಕೈ, ಯಾವುದೋ ಧೂಳು ಒರೆಸುವ ನೆಪದಲ್ಲಿ, ಅದೇ ಕೀಬೋರ್ಡಿನ ಕಡೆ ಹೊರಟಿತು. ನಾದಿನಿ ಅದನ್ನು ಹಿಡಿದಳು.

ಮ್ಯಾನೇಜರ್ ಮರಳಿದಾಗ ಮುಖ ಅರಳಿತ್ತು. “ಸಾಲು ಕರಗ್ತಾ ಇದೆ ಕಣ್ರಮ್ಮಾ!” ಎಂದವರು, ಒಬ್ಬರ ಕೈ ಒಬ್ಬರು ಹಿಡಿದು ಕೂತಿದ್ದ ಆ ಜೋಡಿಯನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

“ನಮ್ಮನೇಲೂ ಇದ್ದಾರೆ ಅತ್ತಿಗೆ ನಾದಿನಿ,” ಎಂದರು. “ನಿಮ್ಮನ್ನ ನೋಡಿ ಕಲೀಬೇಕು.”

ಇಬ್ಬರೂ ಅವರತ್ತ ತಿರುಗಿ ಚೆನ್ನಾಗಿ ನಕ್ಕರು. ಹಿಡಿದ ಕೈಗಳನ್ನು ಇನ್ನಷ್ಟು ಬಿಗಿಮಾಡಿದರು.